ಗುಡ್ಡದ ಹೆಸರಿನ ಕಿಟಕಿ

ಊರಿಗೆಲ್ಲ ಕರೆಂಟ್ ಹಂಚುವ ಕಂಟ್ರೋಲ್ ರೂಮಿನಲ್ಲಿ ಅವಳದು ಹಗಲು ಪಾಳಿ. ಸಬ್‌ಸ್ಟೇಷನ್ನುಗಳಲ್ಲಿದ್ದ ಯಂತ್ರಗಳು ಓಬೀರಾಯನ ಕಾಲದವು. ಮೌಸು ಗೀಸು ಅವಕ್ಕೆ ಅರ್ಥವಾಗದು. ಅವುಗಳೊಡನೆ ಮಾತಾಡಬೇಕಾದರೆ ಕಂಪ್ಯೂಟರಿನಲ್ಲಿ ಟರ್ಮಿನಲ್ ತಂತ್ರಾಂಶ ತೆರೆದು, ಕಪ್ಪು ಕಿಟಕಿಯಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕು. ಒಂದೊಂದು ಸ್ಟೇಷನ್ನಿಗೆ ಒಂದೊಂದು ಸೆಷನ್, ಅಂದರೆ ಹೆಸರು, ವಿಳಾಸ ಕೊಟ್ಟು ಉಳಿಸಿಟ್ಟ ಒಂದೊಂದು ಕಿಟಕಿ. ತಲೆಯ ಮೇಲಿನ ಹೆಸರು ಬೇರೆ ಬೇರೆಯೇ ಹೊರತು, ಒಳಗೆ ಕಾಣುವುದೆಲ್ಲ ಒಂದೇ ಅಚ್ಚು.

ಹಿಂದಿನ ದಿನ ಹಳೆಯ ಕಂಪ್ಯೂಟರ್ ಕೈಕೊಟ್ಟಿತ್ತು. ಹೊಸದರಲ್ಲಿ ಸೆಷನ್‌ಗಳನ್ನೆಲ್ಲ ಕೂರಿಸಿದವಳು ಅವಳೇ. ಒಂದೊಂದನ್ನೂ ಮೊದಲಿನಿಂದ ಮಾಡುವ ತಾಪತ್ರಯ ಯಾಕೆಂದು, ‘ಕೆರೆ’ ಎಂಬ ಸೆಷನ್ನನ್ನು ನಕಲು ಮಾಡಿ, ಹೆಸರು ಬದಲಿಸಿ, ಸ್ಟೇಷನ್ನಿನ ವಿಳಾಸದ ಅಂಕಿಗಳನ್ನು ಬದಲಿಸಿ ಉಳಿಸುತ್ತ ಹೋಗಿದ್ದಳು. ಕೆಲಸ ನೀರು ಕುಡಿದಷ್ಟು ಸಲೀಸಾಗಿ ಮುಗಿದಿತ್ತು.

ಬೆಳಗ್ಗೆ ವೈರ್‌ಲೆಸ್ಸಿನಲ್ಲಿ ಭಾವನ ದನಿ ಬಂತು. ಅಕ್ಕನ ಗಂಡ, ಲೈನ್‌ಮನ್‌ಗಳ ತಂಡದ ಮುಖ್ಯಸ್ಥ.

“ಗುಡ್ಡದ ಲೈನ್ ಆಫ್ ಮಾಡಮ್ಮ. ಕಂಬದ ಮೇಲೆ ತಂತಿ ಕೂರಿಸೋ ಪಿಂಗಾಣಿ ಒಡೆದಿದೆ, ಬದಲಾಯಿಸ್ಬೇಕು.”

“ತಡೀರಿ ಭಾವ.”

‘ಗುಡ್ಡ’ ಎಂದಿದ್ದ ಕಿಟಕಿ ತೆರೆದಳು, ಆಜ್ಞೆ ಕೊಟ್ಟಳು. ಲೈನ್ ಆಫ್ ಎಂದಿತು ಪರದೆ.

“ಆಫ್ ಆಯ್ತು. ಹತ್ತಬಹುದು.”

“ಸರಿ, ಹತ್ತುತೀನಿ.”

ಅವಳು ಕುರ್ಚಿಗೆ ಬೆನ್ನು ಕೊಡುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಹಿಟ್ಟಿನ ಗಿರಣಿಯವನು.

“ಏನ್ರೀ ಇದು, ಹೇಳ್ದೆ ಕೇಳ್ದೆ ಕರೆಂಟ್ ತೆಗೆದ್ಬಿಟ್ರಿ? ಗಿರಣಿ ಅರ್ಧಕ್ಕೇ ನಿಂತಿದೆ!”

“ಗುಡ್ಡದ ಕಡೆ ಕೆಲಸ ನಡೀತಿದೆ, ಸ್ವಲ್ಪ ಹೊತ್ತು...”

“ನನ್ನ ಗಿರಣಿ ಗುಡ್ಡ ಹತ್ತಿ ಕೂತಿದ್ಯಾ? ಕೆರೆ ದಂಡೇಲೇ ಇದೆ ಕಣ್ರೀ!”

ಅವಳು ಫೋನ್ ಇಡುತ್ತಲೇ ಅದು ಮತ್ತೆ ಬಡಿಯಿತು. ಈ ಸಲ ಕೆರೆ ಪಕ್ಕದ ಶಾಲೆಯವರು. ಗುಡ್ಡದಿಂದ ಮಾತ್ರ ಒಂದು ನರಪಿಳ್ಳೆಯೂ ಫೋನ್ ಮಾಡಿರಲಿಲ್ಲ.

‘ಗುಡ್ಡ’ ಸೆಷನ್ನಿನ ವಿವರ ತೆರೆದು ನೋಡಿದಳು. ಹೆಸರು ಗುಡ್ಡದ್ದು. ಕೆಳಗಿದ್ದ ವಿಳಾಸ ಕೆರೆಯದು. ಹೆಸರು ಬದಲಿಸಿದ್ದಳು, ಅಂಕಿ ಬದಲಿಸುವುದನ್ನು ಮರೆತಿದ್ದಳು. ಅಂದರೆ ಆಫ್ ಆದದ್ದು ಕೆರೆ ಲೈನ್. ಗುಡ್ಡದ ತಂತಿಯಲ್ಲಿ ಕರೆಂಟ್ ಹಾಗೇ ಹರಿಯುತ್ತಿದೆ. ಆ ಕಂಬಕ್ಕೆ ಭಾವ ಹತ್ತುತ್ತಿದ್ದಾರೆ, ಅವಳ ಮಾತು ನಂಬಿ.

“ಭಾವ! ಹತ್ಬೇಡಿ! ಇಳೀರಿ, ಭಾವ!”

ವೈರ್‌ಲೆಸ್ಸಿನಲ್ಲಿ ಬರೀ ಸುಯ್ ಎನ್ನುವ ಸದ್ದು. ಮೊಬೈಲಿಗೆ ಮಾಡಿದಳು. ರಿಂಗ್ ಆಗುತ್ತಲೇ ಇತ್ತು. ಕಂಬ ಹತ್ತುವಾಗ ಫೋನನ್ನೂ ವೈರ್‌ಲೆಸ್ಸನ್ನೂ ಜೀಪಿನಲ್ಲೇ ಬಿಡುವುದು ಭಾವನ ಪದ್ಧತಿ.

“ಗುಡ್ಡದ ವಿಳಾಸ ಹೇಳಿ! ಬೇಗ!” ಎಂದು ಪಕ್ಕದ ಕೋಣೆಯತ್ತ ಕೂಗಿದಳು. ಅಲ್ಲಿದ್ದ ಹಿರಿಯ ಸಹೋದ್ಯೋಗಿಯನ್ನು ಎಲ್ಲರೂ ಕನ್ನಡಕದಣ್ಣ ಎನ್ನುತ್ತಿದ್ದರು. ಹಣೆ ಮೇಲಿಟ್ಟುಕೊಂಡ ಕನ್ನಡಕವನ್ನೇ ಕಚೇರಿಯೆಲ್ಲ ಹುಡುಕುವ ಮನುಷ್ಯ. ಅವಳ ದನಿ ಕೇಳಿ ಅವನು ಯಾಕೆ ಏನು ಎನ್ನಲಿಲ್ಲ. ತನ್ನ ಕಂಪ್ಯೂಟರ್ ನೋಡಿ ಅಂಕಿಗಳನ್ನು ಒಂದೊಂದಾಗಿ ಕೂಗಿ ಹೇಳಿದ.

ಅವಸರದಲ್ಲಿ ಹೊಡೆಯುವಾಗ ಒಂದು ಅಂಕಿ ತಪ್ಪಿತು. ಸಂಪರ್ಕ ಸಿಗಲಿಲ್ಲ ಎಂದಿತು ಪರದೆ. ಅಳಿಸಿ ಮತ್ತೆ ಹೊಡೆದಳು. ಪಾಸ್‌ವರ್ಡ್ ಕೇಳಿತು. ಹೊಡೆದದ್ದು ತಪ್ಪೆಂದಿತು. ಕಣ್ಣ ಮುಂದೆ ಅಕ್ಕ ಬಂದು ನಿಂತಳು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿದು, ಒಂದೊಂದೇ ಅಕ್ಷರ ಒತ್ತಿದಳು.

ಕಿಟಕಿ ತೆರೆಯಿತು. ಲೈನ್ ಆನ್ ಎಂದು ತೋರಿಸಿತು.

ಆಫ್ ಆಜ್ಞೆ ಕೊಟ್ಟಳು. ಪರದೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಆಫ್ ಎಂದಿತು. ಈಗ ಅದನ್ನೂ ನಂಬುವ ಧೈರ್ಯವಿರಲಿಲ್ಲ.

ಫೋನ್ ಬಡಿಯಿತು. ಯಾರೋ ಅಜ್ಜಿ. “ಗುಡ್ಡದ ಮೇಲಿಂದ ಮಾತಾಡ್ತಿದೀನಿ. ಕರೆಂಟ್ ಹಾಳಾಗೋಯ್ತಲ್ಲೇ ತಾಯಿ! ನಿಮಗೇನು ಬೇರೆ ಕೆಲಸ ಇಲ್ವಾ?” ಅಜ್ಜಿ ಬೈಯುತ್ತಲೇ ಇದ್ದಳು. ಅವಳು ಗೋಡೆಗೆ ಒರಗಿ, ಹೂಂ ಅಜ್ಜಿ, ಹೂಂ ಅಜ್ಜಿ ಎಂದಳು.

ಆದರೂ ಭಾವನ ಸುದ್ದಿಯಿಲ್ಲ. ಕರೆಂಟ್ ಹೋಗಿತ್ತು ಸರಿ; ಹೋಗುವ ಮೊದಲೇ ಅವರ ಕೈ ತಂತಿ ಮುಟ್ಟಿದ್ದರೆ? ಕನ್ನಡಕದಣ್ಣ ಅವಳ ಪಕ್ಕ ಬಂದು ನಿಂತ. ಇಬ್ಬರೂ ವೈರ್‌ಲೆಸ್ಸನ್ನೇ ನೋಡುತ್ತಿದ್ದರು. ಎಷ್ಟು ಹೊತ್ತೋ.

“ಹಲೋ, ಕಂಟ್ರೋಲ್?” ಭಾವ. ಮಾತು ನಿಧಾನವಾಗಿತ್ತು. “ಒಂದು ಕೇಳ್ತೀನಿ, ನಿಜ ಹೇಳು. ಮೇಲೆ ಹೋಗಿ ಬೆಲ್ಟ್ ಕಟ್ಟಿಕೊಂಡಿದ್ದೆ. ತಲೆ ಹತ್ರ ಗುಂಯ್ ಅಂತಿತ್ತು. ನನ್ನ ಭ್ರಮೆ ಅಂದ್ಕೊಂಡೆ. ಕೈ ಎತ್ತೋಕೂ ಆ ಸದ್ದು ನಿಲ್ಲೋಕೂ ಸರಿಹೋಯ್ತು. ಅಲ್ಲೀವರ್ಗೂ ಆನ್ ಇತ್ತಾ?”

“ಇತ್ತು ಭಾವ. ತಪ್ಪು ಕಿಟಕಿ... ತಪ್ಪು ಲೈನ್ ತೆಗೆದಿದ್ದೆ. ನಾನೇ.”



“ಜೊತೆಗಿದ್ದವನು ಕರೆಂಟ್ ಇದ್ಯಾ ಅಂತ ನೋಡೋ ಟೆಸ್ಟರ್ ಕೋಲು ತರೋಕೆ ಹೋಗಿದ್ದ, ಅವನು ಬರೋವರೆಗೂ ನಾನು ಕಾಯ್ಬೇಕಿತ್ತು,” ಎಂದರು ಭಾವ. “ಈಗ ಇಳಿದು ರಸ್ತೆ ಪಕ್ಕ ಕೂತಿದೀನಿ.”

ಕೆರೆ ಲೈನನ್ನು ಮತ್ತೆ ಆನ್ ಮಾಡಿ, ಅವಳು ಇಂಜಿನಿಯರರ ಬಳಿ ಹೋಗಿ ನಡೆದದ್ದನ್ನು ಹೇಳಿದಳು. ಅಂದೇ ಅವಳನ್ನು ಆ ಮೇಜಿನಿಂದ ಎಬ್ಬಿಸಿದರು. ಉಳಿದ ಸೆಷನ್‌ಗಳನ್ನು ಒಂದೊಂದಾಗಿ ತೆರೆದು, ಆಯಾ ಸ್ಟೇಷನ್ನಿಗೆ ಫೋನ್ ಮಾಡಿ ತಾಳೆ ನೋಡುವ ಕೆಲಸ ಕನ್ನಡಕದಣ್ಣನಿಗೆ ಬಿತ್ತು. ಇನ್ನೊಂದರಲ್ಲೂ ಅದೇ ತಪ್ಪು ಸಿಕ್ಕಿತು.

ಸಂಜೆ ಭಾವ ಗೇಟಿನ ಹತ್ತಿರ ಕಾದಿದ್ದರು. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು.

“ಅಕ್ಕನಿಗೆ ಹೇಳ್ತೀರಾ?”

“ಹೇಳ್ದೆ ಇದ್ರೆ ಮುಖ ನೋಡಿ ಕಂಡುಹಿಡೀತಾಳೆ,” ಎಂದರು ಭಾವ. “ನೀನೂ ಬಾ. ಒಬ್ನೇ ಹೋಗೋಕೆ ನನಗೆ ಭಯ.”