ಒಂದೇ ದಾರದ ಹೊಲಿಗೆ

ವೀಸಾ ಕೌಂಟರಿನ ಹೆಂಗಸು ಹುಡುಗಿಯ ಅರ್ಜಿಯನ್ನು ಮಗುಚಿ ನೋಡಿ ನಕ್ಕಳು.

"ಏನಮ್ಮಾ ಇದು, ಮದುವೆ ಆಲ್ಬಮ್ಮಾ? ಸ್ಕ್ಯಾನ್ ಮಾಡೋಕೆ ಬಿಡಿ ಹಾಳೆ ಬೇಕು. ಹರಿದಿದ್ರೆ ತಗೊಳ್ಳಲ್ಲ. ಹನ್ನೊಂದಕ್ಕೆ ನಿಮ್ಮ ಸರದಿ ಮುಗಿಯುತ್ತೆ."

ಇನ್ನು ಹತ್ತು ನಿಮಿಷವಿತ್ತು. ಮುಂದಿನ ಸರದಿ ಸಿಗುವಷ್ಟರಲ್ಲಿ, ಅವಳು ಓದಲು ಹೊರಟಿದ್ದ ದೇಶದಲ್ಲಿ ಕಾಲೇಜು ಶುರುವಾಗಿರುತ್ತಿತ್ತು. ಪುಸ್ತಕ ಕಟ್ಟುವ ಕೆಲಸದ ಅಪ್ಪ, ಅರ್ಜಿ ಲಕ್ಷಣವಾಗಿರಲೆಂದು ನಲವತ್ತೆರಡು ಹಾಳೆಗಳನ್ನೂ ಹೊಲಿದು ರಟ್ಟು ಹಾಕಿದ್ದರು. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರ ಬಳಿಗೆ ಓಡಿದಳು.

"ಅಪ್ಪಾ, ಬಿಚ್ಚಬೇಕಂತೆ! ಕತ್ತರಿ ಬೇರೆ ಇಲ್ಲ."

"ಕತ್ತರಿ ಯಾಕೆ? ಕಚೇರಿ ಕಾಗದಕ್ಕೆ ನಾನು ಯಾವತ್ತೂ ಅಂಟು ಹಾಕಲ್ಲ ಕಣೇ. ಇರೋದು ಒಂದೇ ದಾರ."

ಅಪ್ಪ ರಟ್ಟು ಸರಿಸಿ, ಉಗುರಿನಿಂದ ಗಂಟು ಬಿಡಿಸಿ ಎಳೆದರು. ದಾರ ಇಡಿಯಾಗಿ ಬಂತು. ಸೂಜಿಯ ತೂತು ಬಿಟ್ಟರೆ ಯಾವ ಹಾಳೆಗೂ ಏನೂ ಆಗಿರಲಿಲ್ಲ.

"ಎಷ್ಟು ದಿನ ಹಿಡೀತು ಯಜಮಾನ್ರೇ, ಹೊಲಿಯೋಕೆ?" ಎಂದ ಬಾಗಿಲ ಕಾವಲಿನವನು.

"ಮೂರು ಸಂಜೆ."

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಅರ್ಜಿಯ ಮೇಲೆ ಮುದ್ರೆ ಬಿತ್ತು.

ಮೂರು ವಾರಕ್ಕೆ ಎರಡು ವರ್ಷದ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಮನೆಗೆ ಬಂತು. ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಇದಕ್ಕೊಂದು ಒಳ್ಳೇ ರಟ್ಟು ಹಾಕ್ಲಾ?"

"ಮುಟ್ಟಿದ್ರೆ ನೋಡು!" ಎಂದು ಮಗಳು ಪಾಸ್‌ಪೋರ್ಟ್ ಕಸಿದುಕೊಂಡು ಕುಣಿದಳು.