ಮೂರು ಸಲ ತೆಪ್ಪ ತಪ್ಪಿದರೆ

ಇದು ನಡೆದ ಕತೆ. ಒಂದೆರಡು ದಿನ ನಡೆದದ್ದಲ್ಲ. ಇಪ್ಪತ್ತಮೂರು ವರ್ಷ ನಡೆದು ನಡೆದು, ಸುಸ್ತಾಗಿ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ಒಂದು ಮಹಡಿ ಕೋಣೆಯಲ್ಲಿ ಉಸ್ಸೆಂದು ಕೂತದ್ದು. ಇದರಲ್ಲಿ ಸುಳ್ಳೇನಾದರೂ ಸಿಕ್ಕಿದರೆ ಅದು ಕತೆಯೊಳಗಿನವರು ಹೇಳಿದ್ದು, ಹೇಳುತ್ತಿರುವವರ ಪಾಲು ಅದರಲ್ಲಿಲ್ಲ.

ಕೋಣೆ ಯಾರದೋ ಅವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಾರೆ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ದಿನಕ್ಕೆ ಇಪ್ಪತ್ತು ಮೂವತ್ತು ಮೂಗುಗಳ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಇದಾ, ಅದಾ? ಈಗ ಹೇಳಿ, ಇದಾ, ಅದಾ?" ಎಂದು ಕೇಳುತ್ತಿರುತ್ತಾನೆ. ಹೋಲಿಸುವುದೇ ಕಸುಬಾದವನು ರಜಾದಿನ ಸುಮ್ಮನಿರುತ್ತಾನೆಯೇ? 'ಗಾಳಿದ್ವೀಪ' ಎಂಬ ವಿಡಿಯೋ ಗೇಮಿನ ಹಳೇ ಅಭಿಮಾನಿಗಳ ನಡುವೆ ಅವನ ಮಾತೇ ಕೊನೆಯ ಮಾತು.

ಗಾಳಿದ್ವೀಪ ಸಾಹಸದ ಆಟ. ಹಡಗು ಒಡೆದು ಒಂದು ದ್ವೀಪಕ್ಕೆ ಬಂದು ಬಿದ್ದ ಹುಡುಗಿಯೊಬ್ಬಳು ಗುಹೆ, ಹೊಳೆ, ದೀಪಸ್ತಂಭ ಎಂದು ಅಲೆದು ಮನೆಗೆ ಹೋಗುವ ದಾರಿ ಹುಡುಕಬೇಕು. ಮೊದಲನೆಯದು ಬಂದಾಗ ಕನ್ನಡಕನಿಗೆ ಏಳು ವರ್ಷ, ಎರಡನೆಯದಕ್ಕೆ ಒಂಬತ್ತು, ಮೂರನೆಯದಕ್ಕೆ ಹದಿಮೂರು. ಆಮೇಲೆ ಆಟ ಮಾಡಿದವರು ನಾಪತ್ತೆ. ಈಗ, ಅವನ ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದ ಮೇಲೆ, ನಾಲ್ಕನೆಯದು ಬಂದಿದೆ.

ಬಂದು ಎರಡು ವಾರವಾಯಿತು. ಕನ್ನಡಕ ಒಂದು ಸಂಜೆ ಆಡಿದ. ಅಭಿಮಾನಿಗಳ ಜಾಲತಾಣದಲ್ಲಿ ಹನ್ನೊಂದು ಪುಟ ಬೈದ.

"ಮೊದಲನೇದರಲ್ಲಿ ಗಾಳಿ ಬೀಸಿದ್ರೆ ಅವಳ ಟೋಪಿ ಹಾರ್ತಿತ್ತು," ಎಂದ ಈಗ, ನೆಲದ ಮೇಲೆ ವೈರು ಬಿಡಿಸುತ್ತ. "ಇದರಲ್ಲಿ ಟೋಪಿಗೆ ಗೋಂದು ಹಚ್ಚಿ ಕೂರಿಸಿದಾರೆ."

"ಮೊದಲನೇದರಲ್ಲಿ ಅವಳಿಗೆ ಮೂಗೇ ಇರ್ಲಿಲ್ಲ ಕಣೋ," ಎಂದ ಬೇಕರಿ. ಅವನದು ಬ್ರೆಡ್ಡಿನ ಭಟ್ಟಿ. ಎಷ್ಟು ತೊಳೆದರೂ ಮೊಣಕೈಯಲ್ಲಿ ಹಿಟ್ಟಿನ ಬಿಳಿ. "ಟೋಪಿ ಹಾರ್ಲಿ ಅಂತ ಮೂಗು ಬಿಟ್ಕೊಡೋಕಾಗುತ್ತಾ?"

"ಮೂರನೇದರ ಸಮುದ್ರ ನೋಡಿದ್ರೆ ನೀಲಿ ಪ್ಲಾಸ್ಟಿಕ್ ಹೊದಿಕೆ ಕೊಡವಿದ ಹಾಗಿತ್ತು," ಎಂದಳು ಲಿಫ್ಟಕ್ಕ. ಊರಿನ ಅರ್ಧ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವಳು ಅವಳೇ. ಜನರನ್ನು ಮೇಲೆ ಕೆಳಗೆ ಮಾಡುವುದು ಅವಳಿಗೆ ಅಭ್ಯಾಸ. "ಇದರ ಸಮುದ್ರ ನೋಡಿದ್ರೆ ನನ್ನ ಕಾಲುಚೀಲ ಒದ್ದೆ ಆದ ಹಾಗಾಗುತ್ತೆ."

"ಅಕ್ಕ, ಸಮುದ್ರ ಇರ್ಲಿ. ಮಾತೆಲ್ಲಿ? ಅಂಬಿಗನ ಮಾತೆಲ್ಲಿ?" ಎಂದ ಕನ್ನಡಕ.

ಇಲ್ಲಿಗೆ ಬಂದು ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬೇಕರಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡ.

ಎರಡನೇ ಗಾಳಿದ್ವೀಪದಲ್ಲಿ ಒಂದು ಹೊಳೆ ಇದೆ. ದಡದಿಂದ ಜಿಗಿದು ತೇಲುವ ತೆಪ್ಪದ ಮೇಲೆ ಕಾಲಿಡಬೇಕು. ಆಚೆ ಒಬ್ಬ ಮುದಿ ಅಂಬಿಗ ಗಡ್ಡ ನೀವುತ್ತ ನಿಂತಿರುತ್ತಾನೆ. ಕನ್ನಡಕನ ಪ್ರಕಾರ, ಮೂರು ಸಲ ತೆಪ್ಪ ತಪ್ಪಿ ನೀರಿಗೆ ಬಿದ್ದರೆ ಆ ಅಂಬಿಗ ನಿಧಾನಕ್ಕೆ ಹೇಳುತ್ತಾನೆ: "ಗಾಬರಿ ಯಾಕಪ್ಪಾ? ಹೊಳೆ ಎಲ್ಲೂ ಎದ್ದು ಹೋಗಲ್ಲ. ಇನ್ನೊಂದ್ಸಲ ಕಾಲಿಡು." ನಾಲ್ಕನೇ ಸಲ ತಪ್ಪದೆ ದಾಟುತ್ತೀರಿ. ಆಟ ಮಾಡಿದವರು ಸೋತವನ ಜೊತೆ ಮಾತಾಡುವಷ್ಟು ದೊಡ್ಡ ಮನಸ್ಸಿನವರಾಗಿದ್ದರು, ಆ ಮನಸ್ಸು ನಾಲ್ಕನೆಯದರಲ್ಲಿ ಇಲ್ಲ, ಆದ್ದರಿಂದ ಇದು ಗಾಳಿದ್ವೀಪವೇ ಅಲ್ಲ. ಹನ್ನೊಂದು ಪುಟದ ತಾತ್ಪರ್ಯ ಇಷ್ಟೇ.

ತೊಡಕು ಒಂದೇ: ಆ ಮಾತು ಬೇರೆ ಯಾರಿಗೂ ಕೇಳಿಸಿಲ್ಲ.

ಬೇಕರಿಗೆ ಮಧ್ಯಾಹ್ನದ ಹಿಟ್ಟು ಉಬ್ಬಲು ಒಂದೂವರೆ ಗಂಟೆ ಬೇಕು. ಆರು ವರ್ಷದಿಂದ ಆ ಒಂದೂವರೆ ಗಂಟೆ ಅವನು ತೆಪ್ಪದಿಂದ ಬೀಳುತ್ತಿದ್ದಾನೆ. ಮೂರು ಸಲ ಬಿದ್ದ, ಮೂವತ್ತು ಸಲ ಬಿದ್ದ, ಟೋಪಿ ತೆಗೆದು ಬಿದ್ದ, ಹಿಂದೆ ತಿರುಗಿ ಬಿದ್ದ. ಅಂಬಿಗ "ಹ್ಮ್‌" ಅನ್ನುತ್ತಾನೆ. ಅಷ್ಟೇ. ಕಂಡ ಕಂಡ ಅಭಿಮಾನಿಗಳೆಲ್ಲ ಬಿದ್ದು ನೋಡಿದರು. ಕನ್ನಡಕ ಪ್ರತಿ ಸಲ ಏನಾದರೊಂದು ಷರತ್ತು ನೆನಪಿಸಿಕೊಳ್ಳುತ್ತಿದ್ದ: ನಿಮ್ಮದು ಆಮೇಲಿನ ಡಿಸ್ಕು, ನನ್ನದು ಮೊದಲ ಕಂತಿನದು; ನೀವು ಬೇಕಂತ ಬೀಳ್ತೀರಿ, ನಾನು ನಿಜವಾಗಿ ಬಿದ್ದೆ. ಅವನದೇ ಡಿಸ್ಕು ಹಾಕಿ ನೋಡೋಣವೆಂದರೆ ಅವನ ಹಳೇ ಯಂತ್ರ ಎಂದೋ ಕೆಟ್ಟು ಅಟ್ಟ ಸೇರಿತ್ತು.

ಅದನ್ನು ಲಿಫ್ಟಕ್ಕ ಇಳಿಸಿಕೊಂಡು ಹೋಗಿ, ಹದಿನೈದು ದಿನ ಕೂತು ಬೆಸುಗೆ ಹಾಕಿ, ಇವತ್ತು ಕಂಕುಳಲ್ಲಿ ಇರುಕಿಕೊಂಡು ಬಂದಿದ್ದಳು. ಹೊಸ ಟಿವಿಯ ಪಕ್ಕ ಹಳೇ ಡಬ್ಬ ಟಿವಿ. ಒಂದರಲ್ಲಿ ನಾಲ್ಕನೆಯದು, ಇನ್ನೊಂದರಲ್ಲಿ ಎರಡನೆಯದು.

"ಇದಾ, ಅದಾ, ಇವತ್ತು ಇತ್ಯರ್ಥ," ಎಂದ ಬೇಕರಿ. "ಅಂಬಿಗ ಬಾಯಿ ಬಿಟ್ಟರೆ ನಾಲ್ಕನೇದು ನಾವ್ಯಾರೂ ಮುಟ್ಟಲ್ಲ. ಬಿಡಲಿಲ್ಲ ಅಂದ್ರೆ, ಮಗನೇ, ಹನ್ನೊಂದು ಪುಟಾನೂ ಅಳಿಸಿ, ಸುಳ್ಳು ಹೇಳಿದೆ ಅಂತ ಒಂದು ಸಾಲು ಬರಿ."

"ಸುಳ್ಳಾ?" ಎಂದ ಕನ್ನಡಕ. ಆಟ ಹಾಳಾಯಿತು ಎಂದರೆ ಅವನು ಸಹಿಸುತ್ತಿದ್ದ. ಆದರೆ ಆ ಮಾತು ಅವನ ಕಿವಿಯಲ್ಲಿ ಇವತ್ತಿಗೂ ಇದೆ. ಅದು ಸುಳ್ಳಾದರೆ ಈ ಕಿವಿಯನ್ನು ಇನ್ನು ಯಾವುದಕ್ಕೆ ನಂಬುವುದು? "ಆಯ್ತು. ಬರೀತೀನಿ."

ಕಂಟ್ರೋಲರ್ ಹಿಡಿದ. ಹುಡುಗಿ ದಡಕ್ಕೆ ಬಂದಳು, ಮೂಗಿಲ್ಲದ ಮುಖ ಎತ್ತಿ ನೋಡಿದಳು, ಜಿಗಿದಳು. ಬುಳುಕ್. ಒಂದು. ಬುಳುಕ್. ಎರಡು. ಬುಳುಕ್. ಮೂರು.

"ಹ್ಮ್‌," ಎಂದ ಅಂಬಿಗ.

ಇನ್ನೊಂದು ಸರದಿ. "ಹ್ಮ್‌." ಮತ್ತೊಂದು. ಅಂಬಿಗ ಮಾತಾಡುವುದಿರಲಿ, ಸರಿಯಾಗಿ ಕೆಮ್ಮಲೂ ಇಲ್ಲ.

ಕನ್ನಡಕನಿಗೆ ತಲೆ ಕೆಟ್ಟಿತು. ಡಿಸ್ಕು ಅದೇ, ಮೇಲೆ ಅವನ ಒಂಬತ್ತನೇ ವರ್ಷದ ಅಕ್ಷರದಲ್ಲಿ ಅವನದೇ ಹೆಸರಿದೆ. ಯಂತ್ರ ಅದೇ. ಹೊಳೆ ಅದೇ. ಹಾಗಾದರೆ ಬೇರೆಯಾದದ್ದು ಯಾವುದು? ಅಂಗಡಿಯಲ್ಲಿ ಗಾಜು ಬದಲಿಸುವಂತೆ ಒಂದೊಂದನ್ನೇ ತೆಗೆದು ಹಾಕಿ ನೋಡಿದ. ಆಗ ಕುರ್ಚಿ ಇರಲಿಲ್ಲ, ನೆಲದ ಮೇಲೆ ಕೂರುತ್ತಿದ್ದ. ಕೂತ. "ಹ್ಮ್‌." ಆಗ ಕಿಟಕಿ ಎಡಕ್ಕಿತ್ತು. ಡಬ್ಬ ಟಿವಿಯನ್ನು ತಿರುಗಿಸಿದರು. "ಹ್ಮ್‌." ಆಗ ಅವನಿಗೆ ಕನ್ನಡಕವಿರಲಿಲ್ಲ. ತೆಗೆದಿಟ್ಟ. ಈಗ ಹೊಳೆಯೇ ಕಾಣಲಿಲ್ಲ; ಮೂರು ಸಲ ಬೀಳುವುದು ಮಾತ್ರ ಬಹಳ ಸಲೀಸಾಯಿತು.

"ಆಗ ಹಲ್ಲೆಷ್ಟಿದ್ವು?" ಎಂದು ಬೇಕರಿ ಕೇಳಿದ. "ಎರಡು ಕೀಳೋಣ್ವಾ?"

"ತಡಿ. ಆಗ ನನ್ನ ಹಿಂದೆ ಮಂಚ ಇತ್ತು. ಮಂಚದ ಮೇಲೆ ಅಪ್ಪ ಪೇಪರ್ ಓದ್ತಾ ಕೂತಿರ್ತಿದ್ರು."

"ಅಂಬಿಗ ಅವರಿಗೆ ಹೆದರಿ ಮಾತಾಡ್ತಿದ್ನಾ?"

"ಎಲ್ಲ ಆಗಿನ ಹಾಗೇ ಇರ್ಲಿ ಅಷ್ಟೆ," ಎಂದವನು ಮೆಟ್ಟಿಲ ಬಳಿ ಹೋಗಿ, "ಅಪ್ಪಾ, ಒಂದು ನಿಮಿಷ ಮೇಲೆ ಬಾ. ಪೇಪರ್ ತಗೊಂಡು ಬಾ," ಎಂದು ಕೂಗಿದ.

ಅಪ್ಪ ನಾಟಕದ ಮನೆಯಲ್ಲಿ ಮೂವತ್ತು ವರ್ಷ ಪ್ರಾಂಪ್ಟರ್ ಆಗಿದ್ದವರು. ಪಾತ್ರಧಾರಿಗೆ ಮಾತು ಮರೆತರೆ ಪಕ್ಕದ ಪರದೆಯ ಮರೆಯಿಂದ ಎತ್ತಿಕೊಡುವ ಕೆಲಸ. ತುಟಿ ಅಲ್ಲಾಡಬಾರದು, ಮುಂದಿನ ಸಾಲಿನವರಿಗೂ ಕೇಳಬಾರದು, ನಿಂತುಬಿಟ್ಟವನ ಕಿವಿಗೆ ಮಾತ್ರ ತಲುಪಬೇಕು. ನಿವೃತ್ತಿಯಾದ ಮೇಲೆ ಪದಬಂಧ ತುಂಬುತ್ತಾರೆ. ಮೇಲೆ ಬಂದವರು ಎರಡು ಟಿವಿ, ಪಕ್ಕಕ್ಕೆ ಸರಿಸಿಟ್ಟ ಕುರ್ಚಿ, ಕನ್ನಡಕವಿಲ್ಲದ ಮಗ ಎಲ್ಲವನ್ನೂ ನೋಡಿದರು.

"ಏನಪ್ಪಾ ಇದು?"

"ಎರಡನೇ ಗಾಳಿದ್ವೀಪ. ನೆನಪಿದ್ಯಾ? ಅಂಬಿಗ ಇವತ್ತು ಮಾತಾಡ್ತಾ ಇಲ್ಲ."

ಅಪ್ಪ ಕೈಯಲ್ಲಿದ್ದ ಪೇಪರನ್ನು ಇನ್ನೊಂದು ಮಡಿಕೆ ಮಡಿಸಿದರು. "ಯಾವ ಅಂಬಿಗ?"

"ನೀನು ಹಿಂದೆ ಕೂತ್ಕೋ ಅಪ್ಪ. ಆಗ ಕೂರ್ತಿದ್ದ ಹಾಗೆ."

"ಕೂತು ಏನು ಮಾಡ್ಲಿ?"

"ಏನೂ ಬೇಡ. ಸುಮ್ನೆ ಕೂತಿದ್ರೆ ಸಾಕು."

"ಸುಮ್ನೆ ಕೂತಿದ್ರೆ ಸಾಕಾ," ಎಂದು ಅಪ್ಪ ಇನ್ನೊಮ್ಮೆ ಕೇಳಿಕೊಂಡು, ಬೇಕರಿ ಮಗನ ಹಿಂದಕ್ಕೆ ಎಳೆದಿಟ್ಟ ಮಂಚದ ಮೇಲೆ ಕೂತು ಪೇಪರ್ ಬಿಡಿಸಿದರು.

ಬುಳುಕ್. ಬುಳುಕ್. ಮೂರನೇ ಸಲ ಜಿಗಿಯುವಾಗ ಕನ್ನಡಕ ನಿಜವಾಗಿಯೂ ದಾಟಲು ನೋಡಿದ. ಅವಳು ತೆಪ್ಪದ ಅಂಚಿಗೆ ಕಾಲು ತಾಗಿಸಿ ಜಾರಿದಳು. ಬುಳುಕ್. ಅವನು ಕಂಟ್ರೋಲರ್ ಕೆಳಗಿಟ್ಟ. ಇಪ್ಪತ್ತಮೂರು ವರ್ಷ ಒಂದೇ ಏಟಿಗೆ ನೀರುಪಾಲಾದ ಹಾಗಾಯಿತು. "ಬರೀತೀನಿ ಬಿಡು," ಎಂದು ಹೇಳಲು ಬಾಯಿ ತೆರೆದ.

"ಗಾಬರಿ ಯಾಕಪ್ಪಾ? ಹೊಳೆ ಎಲ್ಲೂ ಎದ್ದು ಹೋಗಲ್ಲ. ಇನ್ನೊಂದ್ಸಲ ಕಾಲಿಡು."

ಅದೇ ಗೊಗ್ಗರು ದನಿ, ಅದೇ ಎಳೆತ. ಕನ್ನಡಕ ಕೂತಲ್ಲಿಂದ ಮೊಳದೆತ್ತರ ಹಾರಿದ.

"ಕೇಳ್ತಾ? ಅಕ್ಕ, ಕೇಳ್ತಾ? ಆರು ವರ್ಷ ನನ್ನ ತಮಾಷೆ ಮಾಡಿದ್ಯಲ್ಲೋ ಬೇಕರಿ, ಈಗ ಹೇಳು."

ಅವನು ತೆಗೆದಿಟ್ಟಿದ್ದ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದ: ಲಿಫ್ಟಕ್ಕ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಾಳೆ. ಬೇಕರಿಯ ಕಣ್ಣು ಪರದೆಯ ಕಡೆಗೇ ಇಲ್ಲ, ಅವನ ತಲೆಯ ಮೇಲಿಂದ ಎಲ್ಲೋ ಹಿಂದೆ ನೋಡುತ್ತಿದ್ದಾನೆ. ಪರದೆಯಲ್ಲಿ ಅಂಬಿಗ ತನ್ನ ಪಾಡಿಗೆ ಗಡ್ಡ ನೀವುತ್ತಿದ್ದಾನೆ.

"ಒಂದು ಮಾತು ಕೇಳ್ತೀನಿ," ಎಂದ ಬೇಕರಿ, ಬಹಳ ಮೆತ್ತಗೆ. "ಈ ಆಟ ಯಾವ ಭಾಷೇದು?"

"ಯಾವುದೂ ಇಲ್ಲ. ದ್ವೀಪದವರದ್ದು ಅವರದೇ ಏನೋ ಗೊಣಗಾಟ. ನಿಂಗೂ ಗೊತ್ತಲ್ಲ."

"ಮತ್ತೆ ಅಂಬಿಗ ಕನ್ನಡ ಎಲ್ಲಿ ಕಲಿತ? ಇಷ್ಟು ವರ್ಷ ನೀನು ಅನುವಾದ ಮಾಡಿ ಹೇಳ್ತಿದ್ದೀಯ ಅಂದ್ಕೊಂಡಿದ್ವಲ್ಲೋ ನಾವು."

ಕನ್ನಡಕ ಪರದೆ ನೋಡಿದ. ಇಪ್ಪತ್ತಮೂರು ವರ್ಷದಲ್ಲಿ ಈ ಪ್ರಶ್ನೆ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಊರವರ ಕಣ್ಣಿಗೆಲ್ಲ ಗಾಜು ಹೊಂದಿಸಿದ ಕನ್ನಡಕನಿಗೆ ಎದುರಿಗಿದ್ದ ಕನ್ನಡವೇ ಕಂಡಿರಲಿಲ್ಲ. ಮೆಲ್ಲಗೆ ಹಿಂದೆ ತಿರುಗಿದ. ಪೇಪರ್ ನೆಟ್ಟಗೆ ನಿಂತಿತ್ತು. ಅದರಾಚೆ ಏನೂ ಕಾಣಲಿಲ್ಲ.

"ಅಪ್ಪಾ."

"ಹ್ಮ್‌," ಎಂದಿತು ಪೇಪರ್, ಥೇಟು ಅಂಬಿಗನ ಹಾಗೆ.

"ಅಪ್ಪಾ, ಆವತ್ತೂ ನೀನೇನಾ?"

ಪೇಪರ್ ಇಳಿಯಿತು. "ನೀನು ಅಳ್ತಿದ್ದೆ. ಆ ಕಂಟ್ರೋಲರ್‌ನ ಗೋಡೆಗೆ ಬಡಿಯೋಕೆ ಕೈ ಎತ್ತಿದ್ದೆ. ನಡುವೆ ನಿಂತುಬಿಟ್ಟವನಿಗೆ ಒಂದು ಮಾತು ಎಸೆಯೋದು ನನ್ನ ಕಸುಬಲ್ವೇನೋ? ಎಸೆದೆ. ನೀನು ದಾಟಿದೆ."

"ಹೇಳ್ಬಾರ್ದಿತ್ತಾ?"

"ಮಾರನೇ ದಿನ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಶಾಲೆಗೆಲ್ಲ ಸಾರಿ ಬಂದೆ. ದೊಡ್ಡವನಾದ ಮೇಲೆ ಹೇಳೋಣ ಅಂದ್ರೆ ಅದರ ಮೇಲೆ ಪ್ರಬಂಧ ಬರೆದೆ. ಇನ್ಯಾವಾಗ ಹೇಳ್ಲಿ? ಇವತ್ತು ನೋಡಿದ್ರೆ ನೀನೇ ಕರೆದು ಜಾಗ ಹಾಕಿಕೊಟ್ಟೆ."

ಬೇಕರಿ ನಗಲೂ ಆಗದೆ ಅಳಲೂ ಆಗದೆ ಕೂತಿದ್ದ. "ಆರು ವರ್ಷ, ಅಂಕಲ್. ದಿನಾ ಒಂದೂವರೆ ಗಂಟೆ. ನೀವು ನಮ್ಮ ಭಟ್ಟಿಗೆ ಬಂದು ಒಂದ್ಸಲ ನಿಂತಿದ್ರೆ ಸಾಕಿತ್ತು."

ಕನ್ನಡಕನಿಗೆ ಇನ್ನೂ ನಗು ಬಂದಿರಲಿಲ್ಲ. ಅವನ ಮನಸ್ಸು ಒಳಗೊಳಗೇ ಗಾಜು ಬದಲಿಸುತ್ತಿತ್ತು: ಇದಾ, ಅದಾ? ಆ ಮಾತು ಸುಳ್ಳಾಯಿತೋ ನಿಜವಾಯಿತೋ? ಅವನು ಕೇಳಿದ್ದಂತೂ ನಿಜ. ಹೇಳಿದವರೂ ಇಲ್ಲೇ ಕೂತಿದ್ದಾರೆ. ಮುಳುಗುತ್ತಿದ್ದವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವಂತೆ, "ಅದು ಹೋಗ್ಲಿ," ಎಂದ. "ಮೂರನೇದರ ಮಾತಾದರೂ ಇದೆಯಲ್ಲ. ದೀಪಸ್ತಂಭದ ಮುದುಕಿ ಬಾಗಿಲ ಹಿಂದಿನಿಂದ ಹೇಳೋದು. 'ಇನ್ನೂ ಎಷ್ಟೊತ್ತು? ತಣ್ಣಗಾಗ್ತಿದೆ' ಅಂತ. ಅದರ ಮೇಲೆ ಎರಡು ಪುಟ ಬರೆದಿದ್ದೀನಿ. ತಣ್ಣಗಾಗ್ತಿರೋದು ಸಮುದ್ರವೋ, ಕಾಯುವವಳ ಎದೆಯೋ ಅಂತ."

"ನನ್ನ ಆಟದಲ್ಲಿ ಮುದುಕಿ ದೀಪ ಆರಿಸ್ತಾಳೆ, ಅಷ್ಟೆ," ಎಂದಳು ಲಿಫ್ಟಕ್ಕ. "ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ."

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಎರಡೂ ಕೈ ಎತ್ತಿಬಿಟ್ಟರು. "ಅದು ನಾನಲ್ಲ. ಆಣೆ ಮಾಡಿ ಹೇಳ್ತೀನಿ, ಅದು ನನಗೆ ಗೊತ್ತೇ ಇಲ್ಲ."

ಕನ್ನಡಕನ ಮುಖಕ್ಕೆ ಸ್ವಲ್ಪ ಬಣ್ಣ ಬಂತು. "ನೋಡಿದ್ರಾ," ಎಂದ.

ಆಗ ಕೆಳಗಿನ ಅಡುಗೆಮನೆಯಿಂದ, ಮುಚ್ಚಿದ ಬಾಗಿಲ ಹಿಂದಿನಿಂದ, ಅಮ್ಮನ ದನಿ ಮೆಟ್ಟಿಲು ಹತ್ತಿ ಬಂತು.

"ಇನ್ನೂ ಎಷ್ಟೊತ್ತು? ತಣ್ಣಗಾಗ್ತಿದೆ."

ಮೊದಲು ಲಿಫ್ಟಕ್ಕ ನಕ್ಕಳು, ಬೇಕರಿ ನಕ್ಕ, ಅಪ್ಪ ಪೇಪರಿನಲ್ಲಿ ಮುಖ ಹುದುಗಿಸಿ ನಕ್ಕರು. ಆದರೆ ನೆಲದ ಮೇಲೆ ಅಂಗಾತ ಬಿದ್ದು, ಕನ್ನಡಕ ಕಿತ್ತೆಸೆದು, "ಎರಡು ಪುಟ, ಅಮ್ಮಾ, ಎರಡು ಪುಟ ಬರೆದಿದ್ದೀನಿ," ಎಂದು ಮೆಟ್ಟಿಲ ಕಡೆಗೆ ಕೂಗುತ್ತ, ಕಣ್ಣಲ್ಲಿ ನೀರು ಸುರಿಸುತ್ತ, ಎದುರು ಮನೆಯ ಕಿಟಕಿ ತೆರೆಯುವಷ್ಟು ಜೋರಾಗಿ ನಕ್ಕವನು ಒಬ್ಬನೇ. ಹಾಗೇ ನಗುತ್ತ, ಉಸಿರು ಹಿಡಿದುಕೊಳ್ಳುತ್ತ, ತಡಕಾಡಿ ನಾಲ್ಕನೆಯದರ ಕಂಟ್ರೋಲರ್ ಕೈಗೆತ್ತಿಕೊಂಡ. "ಅಪ್ಪಾ, ನೀನು ಏಳಬೇಡ, ಅಲ್ಲೇ ಕೂತಿರು," ಎಂದ. ಹೊಸ ಟಿವಿಯಲ್ಲಿ ಹುಡುಗಿ ಮೂಗು ಸಮೇತ ದಡಕ್ಕೆ ಬಂದು ಜಿಗಿದು ನೀರಿಗೆ ಬಿದ್ದಾಗ, ಯಾರೂ ಏನೂ ಹೇಳುವ ಮೊದಲೇ, ಮತ್ತೆ ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ.