ಎಂಟು ನಂಬರಿನ ಕಾಲು

ಈ ತಿಂಗಳು ಮುಗಿದ ಮೇಲೆ ಕೆಲಸ ಬಿಡುವುದೆಂದು ಸುಗುಣಾ ತೀರ್ಮಾನಿಸಿ ಆಗಿತ್ತು. ಗಂಡ ದಿನಕರನಿಗೂ ಹೇಳಿರಲಿಲ್ಲ, ಬ್ರಹ್ಮಾವರದ ಚಪ್ಪಲಿ ಅಂಗಡಿಯ ಯಜಮಾನ ಪ್ರೇಮಾನಂದರಿಗೂ ಹೇಳಿರಲಿಲ್ಲ.

ಮೂವತ್ತೆಂಟನೇ ವಯಸ್ಸಿನಲ್ಲಿ ಸಿಕ್ಕ ಮೊದಲ ಕೆಲಸ ಅದು. ಒಂಬತ್ತು ವರ್ಷದಿಂದ ಬಾರ್ಕೂರಿನ ಬೆಳಗಿನ ಬಸ್ಸು ಹತ್ತಿ ಬರುತ್ತಿದ್ದಳು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರ ಕಾಲಿನ ನಂಬರು ಅವಳಿಗೆ ತಿಳಿಯುತ್ತಿತ್ತು. ಸರಿಯಾದ ಜೋಡಿ ಹಾಕಿಕೊಂಡು ಅವರು ಎರಡು ಹೆಜ್ಜೆ ನಡೆದು ನೋಡುವಾಗ ಮುಖದಲ್ಲಿ ಒಂದು ಸಮಾಧಾನ ಮೂಡುತ್ತದಲ್ಲ, ಅದನ್ನು ನೋಡದ ದಿನ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಆದರೆ ಬಲಗಾಲು ಕೇಳುತ್ತಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಗೋಲಿಯಷ್ಟಿದ್ದ ಗಂಟು ಈಗ ನೆಲ್ಲಿಕಾಯಿಯಷ್ಟಾಗಿತ್ತು. ಬೆರಳು ಪಕ್ಕದ ಬೆರಳಿನ ಮೇಲೆ ವಾಲಿತ್ತು. ಮಧ್ಯಾಹ್ನ ಮೂರು ಗಂಟೆ ಆಯಿತೆಂದರೆ ಒಳಗೆ ಕೆಂಡ ಇಟ್ಟ ಹಾಗೆ. ಆಣಿ ಇರಬೇಕೆಂದು ಮೆಡಿಕಲ್ಲಿನಿಂದ ಆಣಿಪಟ್ಟಿ ತಂದು ವರ್ಷವಿಡೀ ಅಂಟಿಸಿದಳು. ಚರ್ಮ ಸುಲಿಯಿತೇ ಹೊರತು ಗಂಟು ಅಲುಗಲಿಲ್ಲ. ಎಲುಬು ಬೆಳೆದಿದೆ, ಕೊಯ್ದು ತೆಗೆಯಬೇಕು, ಆರು ತಿಂಗಳು ಹಾಸಿಗೆಯೇ ಗತಿ ಎಂದು ಬಸ್ಸಿನಲ್ಲಿ ಯಾರೋ ಹೇಳಿದ ಮೇಲೆ ಡಾಕ್ಟರ ಹೆಸರು ಎತ್ತುವುದಕ್ಕೇ ಹೆದರಿಕೆಯಾಯಿತು.

"ಸುಗುಣಕ್ಕ, ನೀವ್ ಕುಂಟುದ್ ಕಂಡ್ರೆ ಗಿರಾಕಿಗಳ್ ನಮ್ ಚಪ್ಪಲಿಗೇ ಹೆದ್ರ್ಕಂತ್ರ್" ಎಂದಳು ಜೊತೆಗೆ ಕೆಲಸ ಮಾಡುವ ರಮ್ಯಶ್ರೀ. "ಒಂದ್ಸಲ ತೋರ್ಸ್ಕಂಡ್ ಬನ್ನಿ ಮರಾಯ್ರೆ."

ರಜೆಯ ದಿನ ಸುಗುಣಾ ಕುಂದಾಪುರದ ಮೂಳೆ ಡಾಕ್ಟರ ಬಳಿ ಹೋದಳು. ತನಗಿಂತ ಎಷ್ಟೋ ಚಿಕ್ಕ ಹುಡುಗಿ. ಆಕೆ ನೆಲದ ಮೇಲೆ ಬಿಳಿ ಹಾಳೆ ಹಾಸಿ, ಸುಗುಣಾಳನ್ನು ಬರಿಗಾಲಲ್ಲಿ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಆಮೇಲೆ ಸುಗುಣಾ ಹೊರಗೆ ಬಿಟ್ಟಿದ್ದ ಚಪ್ಪಲಿ ತರಿಸಿ ಆ ಗೆರೆಯ ಮೇಲಿಟ್ಟಳು. ಎರಡೂ ಕಡೆಯಿಂದ ಗೆರೆ ಹೊರಗೆ ಚೆಲ್ಲಿತ್ತು.

"ಇದ್ ಯಾರ ಚಪ್ಪಲಿ ಹಾಕ್ಕಂಡ್ ಬಂದದ್ದ್?"

"ನಂದೇ" ಎಂದಳು ಸುಗುಣಾ.

"ಎಂತ ಕೆಲ್ಸ ಮಾಡ್ತ್ರಿ ಅಮ್ಮ?"

"ಚಪ್ಪಲಿ ಅಂಗ್ಡಿಯಲ್ಲ್."

ಡಾಕ್ಟರು ನಗು ತಡೆದುಕೊಳ್ಳಲು, ಮೊದಲೇ ತೆಗೆಸಿದ್ದ ಎಕ್ಸ್‌ರೇ ಕೈಗೆತ್ತಿಕೊಂಡಳು. ಇದಕ್ಕೆ ಬನಿಯನ್ ಅನ್ನುತ್ತಾರೆ, ಹೊಸ ಎಲುಬೇನೂ ಬೆಳೆದದ್ದಲ್ಲ, ಹೆಬ್ಬೆರಳು ಒಳಗೆ ವಾಲಿ ಅದರ ಬುಡದ ಸಂದು ಹೊರಗೆ ನೂಕಿಕೊಂಡದ್ದು ಎಂದಳು. ಕೆಲವು ಮನೆತನದಲ್ಲಿ ಬರುತ್ತದೆ, ಬಿಗಿ ಚಪ್ಪಲಿ ಅದನ್ನು ಕೆರಳಿಸುತ್ತದೆ. "ಒಮ್ಮೆ ವಾಲಿದ ಬೆರಳ್ ಪಟ್ಟಿ ಕಟ್ಟಿರ್ ಸೀದಾ ಆತಿಲ್ಲ. ಆರೆ ನೋವ್ ಕಡ್ಮೆ ಮಾಡ್ಲಕ್. ಈಗ್ಲೇ ಆಪರೇಷನ್ ಎಂತಕ್ಕೆ? ಮೊದ್ಲ್ ಅಗಲದ ಚಪ್ಪಲಿ ಹಾಕಣಿ. ನಿಮ್ಮ್ ನಂಬರ್ ಎಂಟ್."

ಎಂಟು. ಆ ಸಂಖ್ಯೆ ಸುಗುಣಾಳಿಗೆ ಹೊಸದಲ್ಲ. ಅವಳನ್ನು ನೋಡಲು ಬಂದ ದಿನ ಅತ್ತೆಯಾಗುವವರು ಚಾವಡಿಯ ಹೊರಗಿದ್ದ ಚಪ್ಪಲಿ ನೋಡಿ, "ಇದ್ ಗಂಡ್ಸ್ರ್ದಾ, ಹೆಣ್ಣಿಂದಾ?" ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ತಮಾಷೆಗೇ ಅಂದದ್ದು, ಅತ್ತೆ ಆಮೇಲೆ ಮರೆತೂ ಬಿಟ್ಟರು. ಸುಗುಣಾ ಮಾತ್ರ ಮದುವೆಗೆ ಏಳು ತೆಗೆದುಕೊಂಡಳು, ವರ್ಷ ಕಳೆದ ಮೇಲೆ ಆರು. ಊರಿನವರ ಕಾಲನ್ನೆಲ್ಲ ಅಳೆದವಳು ತನ್ನ ಕಾಲಿಗೆ ಇಪ್ಪತ್ತಾರು ವರ್ಷ ಸುಳ್ಳು ಹೇಳಿದ್ದಳು. ಬಸ್ಸಿನಲ್ಲಿ ಕೂತು ಅದನ್ನು ನೆನೆದಾಗ ಅಳುವಿನ ಬದಲು ನಗು ಬಂತು.

"ಬನಿಯನ್ನಾ?" ಮರುದಿನ ರಮ್ಯಶ್ರೀ ಕಣ್ಣರಳಿಸಿದಳು. "ಗಂಡ್ಸ್ರ್ ಅಂಗಿ ಒಳ್ಗ್ ಹಾಕಂಬ್ದ್ ನಿಮ್ ಕಾಲಿಗ್ ಹ್ಯಾಂಗ್ ಬಂತ್?"

"ಬಾಯ್ ಮುಚ್ಚ್ ಹೆಣೆ. ಮೇಲಿಂದ ಅಜ್ಜಿ ಮಾಡಲ್ ತೆಗಿ, ಎಂಟ್."

ಅಂಗಡಿಯಲ್ಲಿ ಹೆಂಗಸರ ಎಂಟು ನಂಬರು ಇದ್ದದ್ದು ಅದೊಂದರಲ್ಲೇ. ಅಗಲ ಮುಂಭಾಗ, ದಪ್ಪ ಅಡಿ, ಕಪ್ಪು ಬಣ್ಣ. ಕಾಲು ಒಳಗೆ ಹೋದಾಗ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಅವಳು ಎರಡು ಹೆಜ್ಜೆ ನಡೆದು ನೋಡಿದಳು.

ತೊಡಕು ಬಂದದ್ದು ಪ್ರೇಮಾನಂದರಿಂದ. ಕೆಲಸದವರ ಕಾಲಲ್ಲಿ ಹೊಸ ಮಾದರಿಯೇ ಇರಬೇಕೆನ್ನುವುದು ಅವರ ನಿಯಮ. "ಅಲ್ಲ ಸುಗುಣಾ, ಇದನ್ನ್ ಹಾಕಂಡ್ರೆ ಜನ ಎಂತ ಹೇಳ್ತ್ರ್?"

ಕೆಲಸ ಬಿಡುತ್ತೇನೆಂಬ ಮಾತು ನಾಲಿಗೆಯ ತುದಿಗೆ ಬಂತು. ಅದರ ಬದಲು ಅವಳು ಚಪ್ಪಲಿ ಕಳಚಿ, ಯಾರಿಗೂ ತೋರಿಸದ ಕಾಲನ್ನು ಅವರ ಮುಂದೆ ಇಟ್ಟಳು. "ಆರ್ ನಂಬರ್ ಹಾಕಂಡ್ ಹಿಂಗ್ ಆದ್ದ್. ನನ್ನ್ ನಂಬರ್ ಎಂಟ್. ಇದಾರೆ ನಿಂತ್ಕಂತೆ, ಅದಾರೆ ನಾಳೆಯಿಂದ ಬತ್ತಿಲ್ಲ."

ಪ್ರೇಮಾನಂದರು ಕನ್ನಡಕ ಏರಿಸಿ ನೋಡಿದರು. "ಇಷ್ಟ್ ನೋವ್ ಇಟ್ಕಂಡ್ ಏಣಿ ಹತ್ತುದಾ? ಹೇಳುಕಾಗ್ದಾ?" ಎಂದು ಗದರಿಸಿ ಗಲ್ಲಾಪೆಟ್ಟಿಗೆಯ ಕಡೆ ಹೋದರು.

ಅವಳು ಡಾಕ್ಟರು ಹೇಳಿದ್ದನ್ನೆಲ್ಲ ಬಿಡದೆ ಮಾಡಿದಳು. ಬೆರಳುಗಳ ನಡುವೆ ಮೆತ್ತನೆಯ ತುಂಡು, ಸಂಜೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ. ಟವೆಲನ್ನು ನೆಲಕ್ಕೆ ಹಾಸಿ ಕಾಲ್ಬೆರಳಿನಿಂದ ಮುದ್ದೆ ಮಾಡಿ ಎಳೆಯುವ ವ್ಯಾಯಾಮ ನೋಡಿ ದಿನಕರ, "ಕೈ ಎಂತ ಆಯ್ತ್ ನಿಂಗೆ?" ಎಂದು ಕೇಳಿದ. ಮೊದಲ ಎರಡು ವಾರ ಏನೂ ತಿಳಿಯಲಿಲ್ಲ. ತಿಂಗಳ ಕೊನೆಗೆ ಒಂದು ದಿನ ಗಡಿಯಾರ ನೋಡಿದರೆ ಐದು ಗಂಟೆ. ಮೂರು ಗಂಟೆ ಯಾವಾಗ ದಾಟಿತೆಂದೇ ಗೊತ್ತಾಗಿರಲಿಲ್ಲ. ಗಂಟು ಅಲ್ಲೇ ಇತ್ತು, ಬೆರಳು ವಾಲಿಕೊಂಡೇ ಇತ್ತು. ಕೆಂಡ ಮಾತ್ರ ಆರುತ್ತ ಬಂದಿತ್ತು.

"ಶಾಲೆ ಶುರು ಆಪ್ ಹೊತ್ತಿಗೆ ರಶ್ ಆತ್ತ್" ಎಂದರು ಪ್ರೇಮಾನಂದರು ಅವತ್ತು ಬಾಗಿಲು ಹಾಕುವಾಗ, ಬೇರೆ ಕಡೆ ನೋಡುತ್ತ. "ಇರ್ತ್ರಿ ಅಲ್ದಾ?"

"ಒಂದ್ ಸ್ಟೂಲ್ ಹಾಕ್ಸಿ. ಗಂಟೆಗ್ ಹತ್ತ್ ನಿಮಿಷ ಕೂಕಂತೆ. ಹಂಗಾರ್ ಇರ್ತೆ."

"ಎರಡ್ ಹಾಕ್ಸುವ" ಎಂದರು ಅವರು. "ನನ್ನ್ ಮಂಡಿಯೂ ಹೇಳಿದ್ದ್ ಕೇಂತಿಲ್ಲ."